ಅರ್ಧ ಹೇಳಿದ ಆಜ್ಞೆ

1959ರಲ್ಲಿ ಇಸ್ರೇಲಿನ ಸೇನಾ ನ್ಯಾಯಾಲಯವೊಂದು ಒಬ್ಬ ಬ್ರಿಗೇಡ್ ಕಮಾಂಡರ್‌ಗೆ 10 ಪ್ರೂತಾ ದಂಡ ಹಾಕಿತು. ಆಗ ಅಲ್ಲಿ 1000 ಪ್ರೂತಾ ಸೇರಿದರೆ ಒಂದು ಲೀರಾ. ಹೆಚ್ಚುಕಮ್ಮಿ ನಮ್ಮಲ್ಲಿ ಒಂದು ಪೈಸೆ ದಂಡ ಕಟ್ಟಿ ಹೋಗು ಅಂದ ಹಾಗೆ. ಅದೇ ಪ್ರಕರಣದಲ್ಲಿ ಅವನ ಕೈಕೆಳಗಿದ್ದ ಮೇಜರ್‌ಗೆ ಹಿಂದಿನ ವರ್ಷವೇ 17 ವರ್ಷ ಜೈಲು ಅಂತ ತೀರ್ಪಾಗಿತ್ತು. ಇನ್ನೂ ಕೆಳಗಿನ ಇಬ್ಬರಿಗೆ ತಲಾ 15 ವರ್ಷ. ಸತ್ತವರು 49 ಜನ.

ಕಫ್ರ್ ಕಾಸಿಂ ಅನ್ನುವುದು ಅವರು ಸತ್ತ ಊರಿನ ಹೆಸರು. ಯುದ್ಧಾಪರಾಧ, ಆಜ್ಞಾಪಾಲನೆ ಅಂತ ಮಾತು ಬಂದರೆ ಎಲ್ಲರೂ ಮೊದಲು ಹೋಗುವುದು ಎರಡನೇ ಮಹಾಯುದ್ಧದ ನಂತರ ನಾಜಿಗಳ ವಿಚಾರಣೆ ನಡೆದ ಜರ್ಮನಿಯ ನ್ಯೂರೆಂಬರ್ಗ್‌ಗೆ. ಅಲ್ಲಿ ಮುಖ್ಯ ವಿಚಾರಣೆಯ ಕಟಕಟೆಯಲ್ಲಿ ಕೂತಿದ್ದವರು ಬಹುತೇಕ ಆಜ್ಞೆ ಕೊಡುವ ಜಾಗದಲ್ಲಿದ್ದ ದೊಡ್ಡವರು. ಕೂರಿಸಿದವರು ಯುದ್ಧ ಗೆದ್ದವರು. ಕಫ್ರ್ ಕಾಸಿಂ ಹಾಗಲ್ಲ. ಒಂದು ದೇಶ ತನ್ನದೇ ಸಮವಸ್ತ್ರ ತೊಟ್ಟವರನ್ನು ತನ್ನದೇ ಸೇನಾ ಕೋರ್ಟಿನಲ್ಲಿ ನಿಲ್ಲಿಸಿತು. ಸತ್ತವರೂ ಅದೇ ದೇಶದ ಪ್ರಜೆಗಳು. ಹಾಗಾಗಿ ಕೋರ್ಟಿನ ಕಾಗದದಲ್ಲಿ ಇದು ಕೊಲೆ ಕೇಸು. ಆದರೆ 'ಮೇಲಿಂದ ಆರ್ಡರ್ ಇತ್ತು ಸ್ವಾಮಿ' ಎಂಬ ವಾದಕ್ಕೆ ಕಾನೂನು ಕೊಟ್ಟ ಉತ್ತರಗಳಲ್ಲಿ ಇಷ್ಟು ಹೆಸರಾದದ್ದು ಕಮ್ಮಿ.

1956ರ ಅಕ್ಟೋಬರ್ 29. ಸುಯೆಜ್ ಯುದ್ಧ ಶುರುವಾದ ದಿನ. ಇಸ್ರೇಲಿನ ಸೇನೆ ಈಜಿಪ್ಟಿನ ಸಿನಾಯ್ ಕಡೆ ನುಗ್ಗುತ್ತಿತ್ತು. ಪೂರ್ವದ ಜೋರ್ಡಾನ್ ಗಡಿಯಲ್ಲೂ ಏನಾದರೂ ಆಗಬಹುದು ಅಂತ ಭಯ. ಆ ಗಡಿಗೆ ಅಂಟಿಕೊಂಡು ಅರಬರ ಊರುಗಳಿದ್ದವು: ಕಫ್ರ್ ಕಾಸಿಂ, ಕಫ್ರ್ ಬರಾ, ಜಲ್ಜೂಲಿಯಾ, ತೀರಾ, ತೈಬೆ, ಕಲನ್ಸಾವೆ. ಅಲ್ಲಿಯವರು ಇಸ್ರೇಲಿನ ಪ್ರಜೆಗಳೇ, ಆದರೆ 1948ರಿಂದ ಸೇನಾ ಆಡಳಿತದ ಕೆಳಗೆ ಬದುಕುತ್ತಿದ್ದವರು. ರಾತ್ರಿ ಕರ್ಫ್ಯೂ ಅವರಿಗೆ ಹೊಸದಲ್ಲ. ಆ ದಿನ ಹೊಸದಾಗಿದ್ದು ಅದರ ಸಮಯ. ಬ್ರಿಗೇಡ್ ಕಮಾಂಡರ್ ಇಸಾಖಾರ್ ಶದ್ಮಿ ಕರ್ಫ್ಯೂವನ್ನು ಸಂಜೆ 5 ಗಂಟೆಗೇ ಎಳೆದು ತಂದ. ಹೊಲಕ್ಕೆ, ಕಲ್ಲುಕ್ವಾರಿಗೆ, ಪಕ್ಕದ ಪಟ್ಟಣಗಳಿಗೆ ಕೆಲಸಕ್ಕೆ ಹೋದವರು ಇನ್ನೂ ಮನೆ ಸೇರದ ಹೊತ್ತು ಅದು.

ಕರ್ಫ್ಯೂ ಜಾರಿ ಮಾಡಬೇಕಾದವರು ಗಡಿ ಪೊಲೀಸರ ಒಂದು ಬೆಟಾಲಿಯನ್. ಅದರ ಮುಖ್ಯಸ್ಥ ಮೇಜರ್ ಶ್ಮುಯೆಲ್ ಮಲಿಂಕಿ. ಶದ್ಮಿಗೂ ತನಗೂ ನಡೆದ ಮಾತನ್ನು ಮಲಿಂಕಿ ಆಮೇಲೆ ಕೋರ್ಟಿಗೆ ಹೇಳಿದ. ಕರ್ಫ್ಯೂ ಬಿಗಿಯಾಗಿರಬೇಕು, ಹಿಡಿದು ಕೂಡಿಹಾಕುವ ರಗಳೆ ಬೇಡ, ಗುಂಡಿನಿಂದಲೇ ಜಾರಿ ಮಾಡಿ ಅಂತ ಶದ್ಮಿ ಹೇಳಿದನಂತೆ. ಆಗ ಮಲಿಂಕಿ ಒಂದು ಪ್ರಶ್ನೆ ಕೇಳಿದ. ಕರ್ಫ್ಯೂ ಹಾಕಿದ್ದೇ ಗೊತ್ತಿಲ್ಲದೆ ಕೆಲಸ ಮುಗಿಸಿ ಊರಿಗೆ ಬರುವವನ ಗತಿ ಏನು?

ಶದ್ಮಿ ಕೊಟ್ಟ ಉತ್ತರ ಎರಡೇ ಅರಬಿ ಪದ. 'ಅಲ್ಲಾ ಯರ್ಹಮೋ.' ದೇವರು ಅವನ ಮೇಲೆ ಕರುಣೆ ತೋರಲಿ. ಸತ್ತವರ ಬಗ್ಗೆ ಆಡುವ ಮಾತು ಅದು.

ಹೀಗೆ ಹೇಳಿಯೇ ಇಲ್ಲ ಅನ್ನುವುದು ಶದ್ಮಿಯ ವಾದ. ಸದ್ಯ ಅದನ್ನು ಪಕ್ಕಕ್ಕಿಡೋಣ. ಮಲಿಂಕಿ ಅದೇ ಮಧ್ಯಾಹ್ನ ತನ್ನ ಅಧಿಕಾರಿಗಳನ್ನು ಕೂರಿಸಿಕೊಂಡು, 5 ಗಂಟೆಯ ನಂತರ ಮನೆ ಹೊರಗೆ ಕಂಡವರ ಮೇಲೆ ಗುಂಡು ಹಾರಿಸಿ ಅಂದ. ಕೆಳಗಿನವರೂ ಸುಮ್ನೆ ಕೇಳಿಸಿಕೊಂಡು ಎದ್ದು ಹೋಗಲಿಲ್ಲ. ಹೆಂಗಸರು, ಮಕ್ಕಳು? ಎಲ್ಲರಿಗೂ ಒಂದೇ, ಭಾವುಕತೆ ಬೇಡ. ಕೆಲಸದಿಂದ ವಾಪಸ್ ಬರುವವರು? ಮಲಿಂಕಿ ಶದ್ಮಿಯ ಆ ಎರಡು ಪದಗಳನ್ನೇ ಹಾಗೇ ಕೆಳಕ್ಕೆ ದಾಟಿಸಿದ.

ನಾನು ಈ ಪ್ರಕರಣದಲ್ಲಿ ಮತ್ತೆ ಮತ್ತೆ ಬಂದು ನಿಲ್ಲುವುದು ಇಲ್ಲೇ. ಅಷ್ಟು ಹೊತ್ತು ಹೀಬ್ರೂನಲ್ಲಿ ನಡೆದ ಮಾತು, ಈ ಒಂದು ಪ್ರಶ್ನೆ ಬಂದಾಗ ಯಾಕೆ ಅರಬಿಗೆ ಹೊರಳಿತು? ಕೆಲಸದಿಂದ ಬರುವವನನ್ನೂ ಕೊಲ್ಲಿ ಅಂತ ನೇರವಾಗಿ ಹೇಳಬಹುದಿತ್ತು. ಬಿಡಿ ಅಂತಲೂ ಹೇಳಬಹುದಿತ್ತು. ಹೇಳಿದ್ದು ಎರಡೂ ಅಲ್ಲ. ಇನ್ನೂ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿರುವ ಮನುಷ್ಯನನ್ನು ಆಗಲೇ ಸತ್ತವರ ಸಾಲಿಗೆ ಸೇರಿಸಿದ ಒಂದು ಮಾತು. ನಾಳೆ ಕೋರ್ಟಿನಲ್ಲಿ ಯಾರಾದರೂ ಕೇಳಿದರೆ ಅದು ಆರ್ಡರ್ ಅಲ್ಲ, ಬರೀ ನಿಟ್ಟುಸಿರು ಅನ್ನಲೂಬಹುದು. ನಮ್ಮ ಆಫೀಸುಗಳಲ್ಲಿ ಸಾಹೇಬರು ಒಂದು ಫೈಲು ಕಡೆ ಕಣ್ಣು ಹಾಯಿಸಿ 'ಸ್ವಲ್ಪ ನೋಡ್ಕೊಳ್ಳಿ' ಅಂತಾರಲ್ಲ, ಆ ಜಾತಿಯದ್ದು. ಏನು ನೋಡ್ಕೋಬೇಕು ಅಂತ ಯಾರೂ ಕೇಳಲ್ಲ. ಕೇಳಿದವನು ದಡ್ಡ.

ಸಂಜೆ ಸುಮಾರು ನಾಲ್ಕೂವರೆಗೆ ಒಬ್ಬ ಸಾರ್ಜೆಂಟ್ ಬಂದು ಕಫ್ರ್ ಕಾಸಿಂನ ಮುಖ್ತಾರ್‌ಗೆ, ಅಂದರೆ ಊರ ಪಟೇಲನಿಗೆ, ಕರ್ಫ್ಯೂ ವಿಷಯ ತಿಳಿಸಿದ. ಉಳಿದಿದ್ದು ಅರ್ಧ ಗಂಟೆ. ಊರಿನ 400ರಷ್ಟು ಜನ ಹೊರಗಡೆ ಕೆಲಸದಲ್ಲಿದ್ದಾರೆ, ಇಷ್ಟು ಹೊತ್ತಿನಲ್ಲಿ ಅವರಿಗೆ ಹೇಗೆ ತಿಳಿಸಲಿ ಅಂತ ಮುಖ್ತಾರ್ ಕೇಳಿದ. ವಾಪಸ್ ಬರುವವರನ್ನು ಬಿಡುತ್ತೇವೆ, ಅದು ನಮ್ಮ ಜವಾಬ್ದಾರಿ ಅಂತ ಸಾರ್ಜೆಂಟ್ ಮಾತು ಕೊಟ್ಟ.

5 ಗಂಟೆ ದಾಟಿತು. ಊರಿನ ಪಶ್ಚಿಮದ ದಾರಿಯ ತಿರುವಿನಲ್ಲಿ ಮೊದಲು ಕಾಣಿಸಿದವರು ಕ್ವಾರಿ ಕೆಲಸದ ನಾಲ್ವರು, ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. ಹತ್ತಿರದಿಂದಲೇ ಗುಂಡು ಹಾರಿತು. ಇಬ್ಬರು ಅಲ್ಲೇ ಸತ್ತರು. ಗಾಯಗೊಂಡ ಒಬ್ಬನ ಮೇಲೆ ಅವನದೇ ಸೈಕಲ್ ಬಿತ್ತು. ಅದರಡಿ ಅಲ್ಲಾಡದೆ ಬಿದ್ದುಕೊಂಡು ಅವನು ಉಳಿದ. ಮುಂದೆ ನಡೆದದ್ದೆಲ್ಲ ಅವನಿಗೆ ಕೇಳಿಸುತ್ತಿತ್ತು. ಆಮೇಲೂ ಕೆಲಸ ಮುಗಿಸಿದವರು ಒಬ್ಬೊಬ್ಬರಾಗಿ, ಗುಂಪಾಗಿ ಬರುತ್ತಲೇ ಇದ್ದರು. ಅದು ಆಲಿವ್ ಕೊಯ್ಲಿನ ಕಾಲ. ಕಾಯಿ ಬಿಡಿಸಲು ಹೋಗಿದ್ದ ಹೆಂಗಸರು, ಹುಡುಗಿಯರು ತುಂಬಿದ್ದ ಒಂದು ಲಾರಿಯೂ ಬಂತು. ಸುಮಾರು ಒಂದು ಗಂಟೆಯೊಳಗೆ ಹೆಚ್ಚಿನವರು ಸತ್ತಿದ್ದರು. ಇದನ್ನು ಇನ್ನೂ ವಿವರವಾಗಿ ಬರೆಯಬಹುದು. ನನಗೆ ಬೇಡ ಅನ್ನಿಸುತ್ತದೆ.

ಆದರೆ ಇನ್ನೊಂದು ಸಂಗತಿ ಬರೆಯಲೇಬೇಕು. ಮಲಿಂಕಿಯ ಮುಂದೆ ಕೂತು ಅದೇ ಮಾತು ಕೇಳಿ, ಅದೇ ಗಂಟೆಗೆ ಬೇರೆ ಊರುಗಳಿಗೆ ಹೋದ ಪ್ಲಟೂನ್ ನಾಯಕರೂ ಇದ್ದರು. ಅವರಲ್ಲಿ ಕೆಲವರು ತಮ್ಮ ಹುಡುಗರಿಗೆ, ನಾನು ಹೇಳದೆ ಗುಂಡು ಹಾರಿಸಬೇಡಿ, ಕೆಲಸದಿಂದ ಬರುವವರನ್ನು ಒಳಗೆ ಬಿಡಿ ಅಂದರು. ಕಫ್ರ್ ಕಾಸಿಂನಲ್ಲಿ ಆದಂಥ ಹತ್ಯಾಕಾಂಡ ಆ ಊರುಗಳಲ್ಲಿ ಆಗಲಿಲ್ಲ.

ನೈತಿಕತೆ ಬಗ್ಗೆ ಪುಸ್ತಕ ಬರೆಯುವವರು ಕಲ್ಪಿಸಿಕೊಂಡು ಕಟ್ಟುವಂಥ ಸನ್ನಿವೇಶ ಇದು, ಅಲ್ವಾ? ಒಂದೇ ಆಜ್ಞೆ, ಒಂದೇ ಸಂಜೆ, ಒಂದೇ ಬೆಟಾಲಿಯನ್. ಒಂದು ಕಡೆ ಹೆಣಗಳು, ಇನ್ನೊಂದು ಕಡೆ ಜನ ತಡವಾಗಿ ಮನೆ ಸೇರಿ ಊಟ ಮಾಡಿ ಮಲಗಿದರು. ಆಜ್ಞೆಯೇ ಎಲ್ಲವನ್ನೂ ಮಾಡಿಸುವುದಾಗಿದ್ದರೆ ಹೀಗಾಗುತ್ತಿರಲಿಲ್ಲ. ಆಜ್ಞೆಗೂ ಟ್ರಿಗರ್‌ಗೂ ನಡುವೆ ಒಬ್ಬ ಮನುಷ್ಯ ನಿಂತಿದ್ದ. ಕಫ್ರ್ ಕಾಸಿಂಗೆ ಹೋದವನು ಲೆಫ್ಟಿನೆಂಟ್ ಗೇಬ್ರಿಯಲ್ ದಹಾನ್. ಪಶ್ಚಿಮದ ದಾರಿಯಲ್ಲಿ ಗುಂಡು ಹಾರಿಸಿದ ತಂಡದ ಮುಂದೆ ಇದ್ದವನು ಶಾಲೋಮ್ ಓಫರ್.

ಸುದ್ದಿ ಹೊರಗೆ ಬರದಂತೆ ಸರ್ಕಾರ ಪತ್ರಿಕೆಗಳ ಬಾಯಿ ಮುಚ್ಚಿಸಿತ್ತು. ಸಂಸತ್ತಿನ ಕಮ್ಯುನಿಸ್ಟ್ ಸದಸ್ಯ ತೌಫೀಕ್ ತೂಬಿ ಮತ್ತು ಕೆಲವರು ಹಟ ಹಿಡಿದು ಜಾಗಕ್ಕೆ ಹೋಗಿ, ಬದುಕಿ ಉಳಿದವರ ಮಾತು ಬರೆದುಕೊಂಡು ಹೊರಗೆ ತಂದರು. ಕೊನೆಗೆ 11 ಗಡಿ ಪೊಲೀಸರ ಮೇಲೆ ಕೇಸಾಯಿತು. 1958ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಎಂಟು ಮಂದಿ ತಪ್ಪಿತಸ್ಥರು.

ಪೀಠದ ಮುಖ್ಯಸ್ಥರಾಗಿದ್ದವರು ನ್ಯಾಯಾಧೀಶ ಬಿನ್ಯಾಮಿನ್ ಹಲೇವಿ. ಜರ್ಮನಿಯಲ್ಲಿ ಹುಟ್ಟಿದ ಯಹೂದಿ. ಮೂರು ವರ್ಷದ ನಂತರ ನಾಜಿ ಅಧಿಕಾರಿ ಐಕ್‌ಮನ್ ವಿಚಾರಣೆಯ ಮೂವರು ನ್ಯಾಯಾಧೀಶರಲ್ಲೂ ಒಬ್ಬರಾಗಿ ಕೂತರು. 'ನನಗೆ ಹೇಳಿದ್ದರು, ಮಾಡಿದೆ' ಅನ್ನುವ ಮಾತನ್ನು ಎರಡು ಕಡೆಯಿಂದ ಕೇಳಿದ ಮನುಷ್ಯ. ಮೊದಲು ತನ್ನವರ ಬಾಯಲ್ಲಿ, ಆಮೇಲೆ ತನ್ನವರನ್ನು ಕೊಲ್ಲಲು ಸಾಗಿಸಿದವನ ಬಾಯಲ್ಲಿ.

ಕಫ್ರ್ ಕಾಸಿಂ ತೀರ್ಪಿನಲ್ಲಿ ಹಲೇವಿ ಬರೆದ ಒಂದು ಭಾಗ ಕಾನೂನು ಓದುವವರಿಗೆಲ್ಲ ಗೊತ್ತು. ಸಾಮಾನ್ಯವಾಗಿ ಸೈನಿಕ ಆಜ್ಞೆ ಪಾಲಿಸಲೇಬೇಕು. ಆಜ್ಞೆಯಲ್ಲಿ ಎಲ್ಲೋ ಕಾನೂನಿನ ತೊಡಕಿದೆಯಾ ಅಂತ ಹುಡುಕುವುದು ಅವನ ಕೆಲಸವಲ್ಲ, ವಕೀಲರಿಗೆ ಮಾತ್ರ ಕಾಣುವ ದೋಷಕ್ಕೆ ಅವನು ಹೊಣೆಯಲ್ಲ. ಆದರೆ ಕೆಲವು ಆಜ್ಞೆಗಳ ಮೇಲೆ 'ನಿಷಿದ್ಧ' ಅಂತ ಒಂದು ಕಪ್ಪು ಬಾವುಟ ಹಾರುತ್ತಿರುತ್ತದೆ. ಕಣ್ಣು ಕುರುಡಾಗಿಲ್ಲದಿದ್ದರೆ, ಎದೆ ಕಲ್ಲಾಗಿಲ್ಲದಿದ್ದರೆ ಅದು ಕಾಣದೇ ಇರುವುದಿಲ್ಲ. ಅಂಥ ಆಜ್ಞೆಯನ್ನು ಪಾಲಿಸಿದವನು ಅಪರಾಧಿಯೇ. ಇದು ಅವರ ಮಾತಿನ ಸಾರ.

ಮೊದಲ ಸಲ ಓದಿದಾಗ ಮೈ ಜುಂ ಅಂದಿತ್ತು. ಈಗಲೂ ಒಳ್ಳೆಯ ತೀರ್ಪು ಅನ್ನುತ್ತೇನೆ. ಆದರೆ ಬಾವುಟ ಅವರಿಗೆ ಕಾಣಲಿಲ್ಲವೇನೋ ಎಂಬಂತೆ ನಡೆಯುವ ಚರ್ಚೆ ನನಗೆ ಹಿಡಿಸುವುದಿಲ್ಲ. ಮಧ್ಯಾಹ್ನದ ಆ ಪ್ರಶ್ನೆಗಳನ್ನೇ ನೋಡಿ. ಹೆಂಗಸರು ಬಂದರೆ? ಮಕ್ಕಳು ಬಂದರೆ? ಗೊತ್ತಿಲ್ಲದೆ ಬರುವವರು? ಬಾವುಟ ಕಾಣದವನು ಇಂಥ ಪ್ರಶ್ನೆ ಯಾಕೆ ಕೇಳುತ್ತಾನೆ? ಅವರಿಗೆ ಕಂಡಿತ್ತು. ಮಲಿಂಕಿಗೆ ಕಂಡಿತ್ತು, ಅದಕ್ಕೇ ಶದ್ಮಿಯನ್ನು ಕೇಳಿದ. ಅಧಿಕಾರಿಗಳಿಗೆ ಕಂಡಿತ್ತು, ಅದಕ್ಕೇ ಮಲಿಂಕಿಯನ್ನು ಕೇಳಿದರು. ಪ್ರತಿಯೊಬ್ಬನೂ ತನಗೆ ಕಂಡದ್ದನ್ನು ಮೇಲಿನವನ ಮುಂದಿಟ್ಟ. ಮೇಲಿನವನು ಅರ್ಧ ಉತ್ತರ ಕೊಟ್ಟ. ಆ ಅರ್ಧಕ್ಕೇ ಎಲ್ಲರೂ ತೃಪ್ತರಾದರು. ಉಳಿದರ್ಧ ಏನು ಅಂತ ಇನ್ನೊಂದು ಸಲ ಕೇಳಿದವರು ಯಾರೂ ಇಲ್ಲ. ಅದನ್ನು ತುಂಬುವ ಕೆಲಸ ಸಂಜೆ ಐದರ ನಂತರ ರಸ್ತೆಯಲ್ಲಿ ನಿಂತವರ ಪಾಲಿಗೆ ಬಂತು. ಕೆಲವರು 'ಒಳಗೆ ಬಿಡಿ' ಅಂತ ತುಂಬಿದರು. ದಹಾನ್ ಮತ್ತು ಓಫರ್ ಗುಂಡಿನಿಂದ ತುಂಬಿದರು.

ಅಮೆರಿಕದ ಸೈನಿಕರು ಊರಿನ ಜನರನ್ನು ಕೊಂದ ಮೈ ಲೈ ಪ್ರಕರಣದಲ್ಲೂ ಇಂಥದೇ ಒಂದು ಗಳಿಗೆ ಇದೆ. 1968ರ ಮಾರ್ಚ್ 16, ವಿಯೆಟ್ನಾಂನ ಕ್ವಾಂಗ್ ಙಾಯ್ ಪ್ರಾಂತ್ಯ. ಸತ್ತವರು ಅಮೆರಿಕ ಸೇನೆಯ ಲೆಕ್ಕದಲ್ಲಿ 347, ವಿಯೆಟ್ನಾಂನವರ ಲೆಕ್ಕದಲ್ಲಿ 504. ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ ಒಂದು ಗುಂಪು ಜನರನ್ನು ಪಾಲ್ ಮೀಡ್ಲೋ ಎಂಬ ಸೈನಿಕನ ಸುಪರ್ದಿಗೆ ಬಿಟ್ಟು, ಇವರನ್ನು ಏನು ಮಾಡಬೇಕು ಅಂತ ಗೊತ್ತಲ್ಲ ಅಂದ. ಮೀಡ್ಲೋ ಹೂಂ ಅಂದ. ಸ್ವಲ್ಪ ಹೊತ್ತಿಗೆ ಕ್ಯಾಲಿ ವಾಪಸ್ ಬಂದು, ಇನ್ನೂ ಯಾಕೆ ಕೊಂದಿಲ್ಲ ಅಂತ ಕೇಳಿದ. ಕಾವಲು ಕಾಯಲು ಹೇಳಿದ್ದೀರಿ ಅಂದುಕೊಂಡಿದ್ದೆ ಅಂತ ಮೀಡ್ಲೋ ಹೇಳಿದ. ಇಲ್ಲ, ಇವರು ಸಾಯಬೇಕು ಅಂದ ಕ್ಯಾಲಿ. ಆಮೇಲೆ ಇಬ್ಬರೂ ಗುಂಡು ಹಾರಿಸಿದರು. ಇದೆಲ್ಲ ಮೀಡ್ಲೋನೇ ಹೇಳಿದ್ದು.

ಅರ್ಧ ಮಾತು ಕೇಳಿದಾಗ ಮೀಡ್ಲೋನ ತಲೆಗೆ ಮೊದಲು ಬಂದದ್ದು ಕಾವಲು. ಅಂದರೆ ಅಷ್ಟು ಹೊತ್ತು ಅವನು ಮನುಷ್ಯನಾಗೇ ಇದ್ದ. ಉಳಿದರ್ಧ ಬಾಯಿಬಿಟ್ಟು ಹೇಳಿದಾಗ ಹೂಂಗುಟ್ಟಿದ. ಅವನು ಅಳುತ್ತಾ ಗುಂಡು ಹಾರಿಸುತ್ತಿದ್ದ ಅಂತ ಜೊತೆಯವರು ಹೇಳಿದ್ದಾರೆ. ಅದನ್ನು ಓದಿ ಅವನ ಮೇಲೆ ಕನಿಕರ ಪಡಬೇಕಾ ಸಿಟ್ಟು ಮಾಡಬೇಕಾ ಅಂತ ನನಗೆ ಇನ್ನೂ ತೀರ್ಮಾನ ಆಗಿಲ್ಲ. ಅತ್ತಿದ್ದು, ಬಾವುಟ ಕಂಡಿತ್ತು ಅನ್ನುವುದಕ್ಕೆ ಸಾಕ್ಷಿ ತಾನೇ?

ಕ್ಯಾಲಿಯ ವಿಚಾರಣೆಯಲ್ಲಿ ನ್ಯಾಯಾಧೀಶರು, ಸೈನಿಕ ಯಂತ್ರವಲ್ಲ, ಯೋಚಿಸುವ ಮನುಷ್ಯ, ಅವನ ವಿಧೇಯತೆಯೂ ಮನುಷ್ಯನ ವಿಧೇಯತೆಯೇ ಆಗಿರಬೇಕು ಅಂತ ಜ್ಯೂರಿಗೆ ಹೇಳಿದರು. 1971ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಬಹುಕಾಲ ಗೃಹಬಂಧನದಲ್ಲಿದ್ದು 1974ರಲ್ಲಿ ಪೆರೋಲ್ ಮೇಲೆ ಹೊರಗೆ ಬಂದ. ನನಗೆ ಆಜ್ಞೆ ಕೊಟ್ಟವನು ಕ್ಯಾಪ್ಟನ್ ಅರ್ನೆಸ್ಟ್ ಮೆಡಿನಾ ಅನ್ನುವುದು ಅವನ ವಾದ. ಹೆಂಗಸರು, ಮಕ್ಕಳನ್ನು ಕೊಲ್ಲಿ ಅಂತ ನಾನು ಹೇಳಿಲ್ಲ ಅನ್ನುವುದು ಮೆಡಿನಾನ ವಾದ. ಹಿಂದಿನ ಸಂಜೆಯ ಸಭೆಯಲ್ಲಿ ಅವನು ಏನು ಹೇಳಿದ ಅಂತ ಅಲ್ಲಿದ್ದವರ ನೆನಪುಗಳೂ ಒಂದೇ ಥರ ಇರಲಿಲ್ಲ. ಮೆಡಿನಾ ಖುಲಾಸೆಯಾದ.

ಈ ವಿಷಯದಲ್ಲಿ ನಾನು ಜಾಸ್ತಿ ಜಗಳ ಆಡಿರುವುದು ನನ್ನ ಸೋದರಮಾವನ ಮಗನ ಜೊತೆ. ಹವಾಲ್ದಾರ್ ಆಗಿ ನಿವೃತ್ತನಾದವನು. 'ಭಾವ, ನೀವು ಓದ್ಕೊಂಡು ಮಾತಾಡ್ತೀರಿ. ಪ್ರತಿ ಆರ್ಡರ್‌ಗೂ ಇದು ಸರಿನಾ ತಪ್ಪಾ ಅಂತ ನಿಂತ್ಕೊಂಡ್ರೆ ಪಕ್ಕದವನ ಹೆಣ ಹೊರಬೇಕಾಗತ್ತೆ' ಅಂತಾನೆ. ಅವನ ಮಾತು ತಳ್ಳಿಹಾಕುವಂಥದ್ದಲ್ಲ. ನಮ್ಮ 1950ರ ಸೇನಾ ಕಾಯ್ದೆಯಲ್ಲೂ ಮೇಲಧಿಕಾರಿಯ ಮಾತು ಮೀರಿದರೆ ಶಿಕ್ಷೆ ಇದೆ. ಆದರೆ ಅಲ್ಲಿ ಹೇಳಿರುವುದು ಕಾನೂನುಬದ್ಧ ಆಜ್ಞೆ ಅಂತ. ಹಳೆಯ ಭಾರತೀಯ ದಂಡ ಸಂಹಿತೆಯ 76ನೇ ಸೆಕ್ಷನ್‌ನಲ್ಲಿ ಒಂದು ಉದಾಹರಣೆ ಇತ್ತು. ಸೈನಿಕನೊಬ್ಬ ಮೇಲಧಿಕಾರಿಯ ಆಜ್ಞೆಯಂತೆ, ಕಾನೂನಿಗೆ ತಕ್ಕಂತೆ, ದೊಂಬಿಯ ಮೇಲೆ ಗುಂಡು ಹಾರಿಸಿದರೆ ಅಪರಾಧವಲ್ಲ. ಈಗಿನ ನ್ಯಾಯ ಸಂಹಿತೆಯಲ್ಲೂ ಅದೇ ಉಳಿದಿದೆ. ಆ ವಾಕ್ಯದಲ್ಲಿ 'ಕಾನೂನಿಗೆ ತಕ್ಕಂತೆ' ಅನ್ನುವುದರ ಭಾರವನ್ನೆಲ್ಲ, ಬಿಸಿಲಲ್ಲಿ ಬಂದೂಕು ಹಿಡಿದು ನಿಂತ ಇಪ್ಪತ್ತರ ಹುಡುಗ ಅರ್ಧ ನಿಮಿಷದಲ್ಲಿ ತೂಗಬೇಕು.

ಅವನೇ ಇನ್ನೊಂದು ಮಾತು ಹೇಳಿದ. 'ಕೆಟ್ಟ ಆರ್ಡರ್ ಯಾವತ್ತೂ ಬಾಯಲ್ಲೇ ಬರತ್ತೆ ಭಾವ. ಬರವಣಿಗೆಯಲ್ಲಿ ಕೊಡಿ ಸಾರ್ ಅಂದ್ರೆ ಅರ್ಧಕ್ಕರ್ಧ ಅಲ್ಲೇ ನಿಂತೋಗತ್ತೆ.' ನನಗೆ ಬೇಕಾಗಿದ್ದ ಮಾತನ್ನು ನನ್ನ ವಿರುದ್ಧ ವಾದ ಮಾಡುವವನೇ ಕೊಟ್ಟ. ಇಡೀ ಬಿಡಿಸಿ ಹೇಳಿದ ಆಜ್ಞೆಯ ಮುಂದೆ ಇಲ್ಲ ಅನ್ನಲು ಕನಿಷ್ಠ ಒಂದು ಜಾಗ ಇರುತ್ತದೆ. 1930ರ ಏಪ್ರಿಲ್ 23ರಂದು ಪೇಶಾವರದಲ್ಲಿ ಗಢ್ವಾಲ್ ರೈಫಲ್ಸ್‌ನ ಚಂದ್ರ ಸಿಂಗ್ ಮತ್ತು ಅವನ ಜೊತೆಯವರು ನಿಶ್ಶಸ್ತ್ರ ಜನರ ಮೇಲೆ ಗುಂಡು ಹಾರಿಸಲ್ಲ ಅಂದರು. ಅಲ್ಲಿ ಆಜ್ಞೆ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಬಂದಿತ್ತು. ಕೋರ್ಟ್ ಮಾರ್ಷಲ್ ಆಯಿತು, ಚಂದ್ರ ಸಿಂಗ್‌ಗೆ ಜೀವಾವಧಿ ಶಿಕ್ಷೆಯಾಯಿತು. ಬೆಲೆ ಕಟ್ಟಿದರು ನಿಜ. ಆದರೆ ಯಾವುದಕ್ಕೆ ಇಲ್ಲ ಅನ್ನುತ್ತಿದ್ದೇವೆ ಅಂತ ಅವರಿಗೆ ಗೊತ್ತಿತ್ತು. ಎರಡು ಅರಬಿ ಪದಕ್ಕೆ ಇಲ್ಲ ಅನ್ನುವುದು ಹೇಗೆ? ಮೊದಲು ಅದರ ಅರ್ಥವನ್ನು ಬಾಯಿಬಿಟ್ಟು ಹೇಳಬೇಕು. 'ಅಂದರೆ ಕೊಲ್ಲಬೇಕಾ ಸಾರ್?' ಅಂತ ಕೇಳಬೇಕು. ಶದ್ಮಿ ಹೌದು ಅಂದಿದ್ದರೆ ಅವನ ಕೊರಳಿಗೂ ಹಗ್ಗ ಬೀಳುತ್ತಿತ್ತು. ಇಲ್ಲ ಅಂದಿದ್ದರೆ 49 ಜನ ಉಳಿಯುತ್ತಿದ್ದರೇನೋ.

ಎರಡನೇ ಮಹಾಯುದ್ಧ ಗೆದ್ದ ದೇಶಗಳೇನೂ ಈ ವಿಷಯದಲ್ಲಿ ಮೊದಲಿಂದ ಶುದ್ಧವಾಗಿರಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಬ್ರಿಟನ್ನಿನ ಸೇನಾ ಕಾನೂನಿನ ಕೈಪಿಡಿ 1914ರಿಂದಲೂ, ಆಜ್ಞೆಯಂತೆ ನಡೆದ ಸೈನಿಕ ಯುದ್ಧಾಪರಾಧಿ ಅಲ್ಲ ಅನ್ನುತ್ತಿತ್ತು. ಅದನ್ನು ತಿದ್ದಿದ್ದು 1944ರಲ್ಲಿ, ಸೋಲುವ ಜರ್ಮನರನ್ನು ಕಟಕಟೆಗೆ ತರುವ ಕಾಲ ಹತ್ತಿರವಾದಾಗ. ಅಮೆರಿಕದ ಸೇನೆಯೂ ತನ್ನ ನಿಯಮವನ್ನು ಅದೇ ವರ್ಷ ಬದಲಾಯಿಸಿತು. ಆಮೇಲೆ ಬಂದ ನ್ಯೂರೆಂಬರ್ಗ್ ತತ್ವಗಳಲ್ಲಿ, ನೈತಿಕ ಆಯ್ಕೆಗೆ ನಿಜವಾಗಿ ಅವಕಾಶ ಇದ್ದಿದ್ದರೆ ಆಜ್ಞೆ ಎಂಬ ನೆಪ ನಡೆಯುವುದಿಲ್ಲ ಅಂತ ಬರೆದರು. ಕಫ್ರ್ ಕಾಸಿಂನಲ್ಲಿ ಆಯ್ಕೆ ಇತ್ತಾ ಅಂತ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಪಕ್ಕದ ಊರುಗಳಲ್ಲಿ ಬದುಕಿ ಉಳಿದವರೇ ಉತ್ತರ.

ಶಿಕ್ಷೆಗಳ ಕಥೆ ಬೇಗ ಮುಗಿಯುತ್ತದೆ. ಮೇಲ್ಮನವಿಯಲ್ಲಿ ಒಂದಿಷ್ಟು ಕಡಿತ, ಸೇನಾ ಮುಖ್ಯಸ್ಥರಿಂದ ಒಂದಿಷ್ಟು, ಆಮೇಲೆ ಕ್ಷಮಾದಾನ. 1960ರ ಹೊತ್ತಿಗೆ ಎಲ್ಲರೂ ಹೊರಗೆ. ಶದ್ಮಿಯ ಮೇಲೆ ಬೇರೆಯೇ ಕೇಸು ನಡೆದು ಕೊಲೆಯ ಆರೋಪ ಬಿದ್ದುಹೋಯಿತು. ಉಳಿದದ್ದು ಕರ್ಫ್ಯೂ ಸಮಯ ಬದಲಿಸಿದ್ದರಲ್ಲಿ ಅಧಿಕಾರ ಮೀರಿದ ತಪ್ಪು. ಅದಕ್ಕೇ ಆ 10 ಪ್ರೂತಾ. ಶದ್ಮಿ 2018ರಲ್ಲಿ ತೀರಿಕೊಂಡ. ಸಾಯುವ ಮೊದಲು ಇತಿಹಾಸಕಾರರೊಬ್ಬರ ಹತ್ತಿರ, ತನ್ನ ವಿಚಾರಣೆ ಒಂದು ನಾಟಕ, ಇನ್ನೂ ಮೇಲಿನವರನ್ನು ಉಳಿಸಲು ಆಡಿದ್ದು ಅಂತ ಹೇಳಿಕೊಂಡಿದ್ದ.

ನನ್ನ ಪ್ರಕಾರ ಹೆಚ್ಚು ವರ್ಷ ಬೀಳಬೇಕಾಗಿದ್ದು ಶದ್ಮಿಗೆ. ಮಲಿಂಕಿ ಕೋರ್ಟಿಗೆ ಹೇಳಿದ್ದು ನಿಜವಾದರೆ, ಅರ್ಥ ಎಲ್ಲರಿಗೂ ಆಗಬೇಕು, ಹೊಣೆ ಮಾತ್ರ ತನ್ನ ಮೇಲೆ ಬರಬಾರದು ಅಂತ ಅಳೆದು ಮಾತಾಡಿದವನು ಅವನು. ನನ್ನ ಮಾವನ ಮಗ ಇದನ್ನು ಒಪ್ಪಲ್ಲ. ಆರ್ಡರ್ ಬಗ್ಗೆ ಅಷ್ಟು ವಾದ ಮಾಡುವವನು ಇಲ್ಲಿಗೆ ಬಂದರೆ ಓಫರ್‌ಗೇ ಆ 15 ವರ್ಷ ಸಾಲದು ಅಂತಾನೆ. ಶದ್ಮಿ ನಕ್ಷೆ ನೋಡಿ ಮಾತಾಡಿದ, ಆದರೆ ಸೈಕಲ್ ತಳ್ಳಿಕೊಂಡು ಬಂದವರನ್ನು ಕಣ್ಣಾರೆ ಕಂಡವನು ಓಫರ್, ಲಾರಿಯಲ್ಲಿ ಹೆಂಗಸರಿದ್ದಾರೆ ಅಂತ ನೋಡಿದವನೂ ಅವನೇ ಅನ್ನುವುದು ಅವನ ವಾದ. ಹಾಗಾದರೆ ಆಜ್ಞೆ ಕೊಟ್ಟವನು ಪಾರಾ ಅಂತ ಕೇಳಿದೆ. 'ಪಾರು ಅಂತ ಯಾರಂದ್ರು ಭಾವ? ಇಬ್ಬರಿಗೂ ಹಾಕ್ಲಿ' ಅಂದ. ಯಾರಿಗೆ ಎಷ್ಟು ಅನ್ನುವ ಲೆಕ್ಕದಲ್ಲಿ ನಮ್ಮಿಬ್ಬರಿಗೂ ಇನ್ನೂ ಹೊಂದಿಕೆಯಾಗಿಲ್ಲ.